ವಿಐಡಿ, ಎಂವಿಐ, ಡಬ್ಲ್ಯುಎ: ವಿಡಿಯೊ ಫೈಲುಗಳ ವಿಚಿತ್ರ ಹೆಸರುಗಳನ್ನು ಓದುವುದು ಹೇಗೆ?

ಭಂಕೂರಿನ ಒಂದು ಮನೆ ಎಂದಿಟ್ಟುಕೊಳ್ಳೋಣ. ಶಹಾಬಾದ್ ಪಕ್ಕದ ಈ ಊರಿನಲ್ಲಿ ಮುತ್ಯಾ ಭಜನೆಗೆ ಕೂತು ತತ್ವಪದ ಹಾಡುತ್ತಿದ್ದರು. ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದಿಟ್ಟಿದ್ದರು. ಮುತ್ಯಾ ಈಗಿಲ್ಲ. ವಿಡಿಯೊ ಇದೆಯೆಂದು ಮನೆಯವರಿಗೆಲ್ಲ ಗೊತ್ತು, ಎಲ್ಲಿದೆಯೆಂದು ಯಾರಿಗೂ ಗೊತ್ತಿಲ್ಲ. ಮೂರು ಮೆಮೊರಿ ಕಾರ್ಡು, ಎರಡು ಪೆನ್‌ಡ್ರೈವ್, ಮದುವೆಯ ನಾಲ್ಕಾರು ಸಿ.ಡಿ., ಎಲ್ಲ ಸೇರಿ ಏಳೆಂಟುನೂರು ಫೈಲು. ಒಂದರ ಹೆಸರು ವಿಐಡಿ-20190326-ಡಬ್ಲ್ಯುಎ0007. ಇನ್ನೊಂದರದು ಎಂವಿಐ_0412. ಮತ್ತೊಂದು ಬರೀ 1602720000000. ಮಗದೊಂದು 00003.ಎಂಟಿಎಸ್. (ಇವೆಲ್ಲ ಇಂಗ್ಲಿಷ್ ಅಕ್ಷರಗಳಲ್ಲಿರುವ ಹೆಸರುಗಳು, ಓದಲು ಸುಲಭವಾಗಲೆಂದು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ.)

ಇಂಥ ಹೆಸರುಗಳನ್ನು ಕಂಡರೆ ಕೆಲವರು ವೈರಸ್ ಇರಬೇಕು ಎನ್ನುತ್ತಾರೆ, ಕೆಲವರು ಏನೋ ಗುಪ್ತ ಸಂಕೇತ ಎನ್ನುತ್ತಾರೆ. ಎರಡೂ ಅಲ್ಲ. ಇವು ಯಂತ್ರಗಳು ತಮ್ಮ ತಮ್ಮ ನಿಯಮದಂತೆ ಇಟ್ಟ ಹೆಸರುಗಳು. ನಿಯಮ ಗೊತ್ತಾದರೆ ಹೆಸರನ್ನು ಓದಬಹುದು. ಆದರೆ ಓದುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಈ ಹೆಸರನ್ನು ಬರೆದದ್ದು ಯಾರು, ಯಾವಾಗ? ಚಿತ್ರೀಕರಿಸಿದ ಕ್ಯಾಮೆರಾವೇ? ವಿಡಿಯೊ ತಲುಪಿದ ಫೋನೇ? ನಕಲು ಮಾಡಿಕೊಂಡ ಕಂಪ್ಯೂಟರೇ? ಫೈಲಿನ ಹೆಸರಿನಲ್ಲಿರುವ ದಿನಾಂಕ ಸುಳ್ಳಾಗುವುದು ಅಪರೂಪ. ನಾವು ಅಂದುಕೊಂಡ ಘಟನೆಯ ಬದಲು ಬೇರೆ ಯಾವುದೋ ಘಟನೆಯ ದಿನಾಂಕ ಅದಾಗಿರುವುದು ಮಾತ್ರ ತೀರಾ ಸಾಮಾನ್ಯ.

ವಾಟ್ಸ್ಯಾಪ್ ಇಡುವ ಹೆಸರು

ನಮ್ಮ ಫೋನುಗಳಲ್ಲಿ ಹೆಚ್ಚಾಗಿ ಸಿಗುವುದು ‘ಡಬ್ಲ್ಯುಎ’ ಇರುವ ಹೆಸರು. ವಿಐಡಿ ಎಂದರೆ ವಿಡಿಯೊ, ನಂತರದ ಎಂಟು ಅಂಕಿ ವರ್ಷ-ತಿಂಗಳು-ದಿನ, ಡಬ್ಲ್ಯುಎ ಎಂದರೆ ವಾಟ್ಸ್ಯಾಪ್, ಕೊನೆಯದು ಆ ದಿನದ ಕ್ರಮಸಂಖ್ಯೆ. ಎಣಿಕೆ 0000ದಿಂದ ಶುರುವಾಗುವುದರಿಂದ 0007 ಎಂದರೆ ಎಂಟನೆಯದು. ಇಲ್ಲಿಯವರೆಗೆ ಸರಳ. ಆದರೆ 20190326 ಎಂಬುದು ವಿಡಿಯೊ ತೆಗೆದ ದಿನವಲ್ಲ, ಆ ಫೋನಿನ ವಾಟ್ಸ್ಯಾಪ್ ಅದನ್ನು ಉಳಿಸಿಕೊಂಡ ದಿನ. ಮುತ್ಯಾ 2012ರಲ್ಲಿ ಹಾಡಿದ ವಿಡಿಯೊವನ್ನು ಮೊಮ್ಮಗ 2019ರಲ್ಲಿ ಗುಂಪಿಗೆ ಹಾಕಿದ್ದರೆ, ಅದನ್ನು ಇಳಿಸಿಕೊಂಡ ಎಲ್ಲರ ಆಂಡ್ರಾಯ್ಡ್ ಫೋನಿನಲ್ಲೂ ಹೆಸರು 2019ರದ್ದೇ ಆಗುತ್ತದೆ. ಮುಂದಿನ ವರ್ಷ ಯಾರಾದರೂ ಮತ್ತೆ ಕಳಿಸಿದರೆ ಮತ್ತೊಂದು ದಿನಾಂಕ.

ಇದು ಮನೆಯ ನೆನಪಿಗೆ ಮಾತ್ರ ಸಂಬಂಧಿಸಿದ ವಿಷಯವಲ್ಲ. ಭೀಮಾ, ಕಾಗಿಣಾ ತುಂಬಿ ಹರಿದಾಗಲೆಲ್ಲ ಫೋನಿಗೆ ಪ್ರವಾಹದ ವಿಡಿಯೊಗಳೂ ತುಂಬಿ ಬರುತ್ತವೆ. 2009ರ ಅಕ್ಟೋಬರ್ ಆರಂಭದಲ್ಲಿ ಉತ್ತರ ಕರ್ನಾಟಕ ಮುಳುಗಿತ್ತು; 2020ರ ಅಕ್ಟೋಬರಿನಲ್ಲಿ ಭೀಮಾ ದಂಡೆಯ ಊರುಗಳು ಮುಳುಗಿದವು. 2009ರ ಒಂದು ತುಣುಕು 2020ರಲ್ಲಿ ಫೋನಿಗೆ ಬಂದರೆ ಅದರ ಹೆಸರಿನಲ್ಲಿ 2020 ಎಂದೇ ಇರುತ್ತದೆ. ‘ನೋಡ್ರಿ, ಫೈಲಿನಾಗೇ ತಾರೀಖು ಅದ’ ಎಂದು ವಾದಿಸುವವರನ್ನು ನಾನು ಕಂಡಿದ್ದೇನೆ. ತಾರೀಖು ಇರುವುದು ನಿಜ; ಅದು ಸಂದೇಶ ಬಂದ ತಾರೀಖು. ಯಾವ ಸೇತುವೆ, ಯಾವ ಗುಡಿ, ನೀರು ಎಲ್ಲಿಯವರೆಗೆ ಏರಿದೆ, ಹಿಂದೆ ಓಡುವ ಬಸ್ಸಿನ ಬಣ್ಣ ಯಾವುದು ಎಂದು ನೋಡುವುದು ಆ ಎಂಟು ಅಂಕಿಗಿಂತ ನಂಬಲರ್ಹ.

ಕ್ಯಾಮೆರಾಗಳ ಜಾತಕ

ಕ್ಯಾಮೆರಾ ಇಟ್ಟ ಹೆಸರುಗಳು ಗಿಡ್ಡ. ಅದಕ್ಕೆ ಕಾರಣ ಹಳೆಯ ಡಾಸ್ ಕಾಲದ ಪದ್ಧತಿ: ಹೆಸರಿಗೆ ಎಂಟು ಅಕ್ಷರ, ಚುಕ್ಕಿಯ ನಂತರ ಮೂರು. ಡಿಜಿಟಲ್ ಕ್ಯಾಮೆರಾ ತಯಾರಕರು ಒಪ್ಪಿಕೊಂಡ ನಿಯಮ ಅದನ್ನೇ ಆಧರಿಸಿ, ಮೊದಲ ನಾಲ್ಕು ಸ್ಥಾನ ತಯಾರಕರಿಗೆ, ಉಳಿದ ನಾಲ್ಕು ಅಂಕಿಗೆ ಎಂದು ಹಂಚಿತು. ಹಾಗಾಗಿಯೇ ಕೆನಾನ್ ಕ್ಯಾಮೆರಾಗಳ ವಿಡಿಯೊ ಎಂವಿಐ_0412 ಎಂದೂ, ಆ್ಯಪಲ್ ಫೋನಿನದ್ದು ಐಎಂಜಿ_0412 ಎಂದೂ ಇರುತ್ತದೆ. ಇಲ್ಲಿ ದಿನಾಂಕವೇ ಇಲ್ಲ. 0412 ಎಂದರೆ ಏಪ್ರಿಲ್ 12 ಎಂದು ತಪ್ಪು ತಿಳಿದವರುಂಟು. ಅದು ಬರೀ ಎಣಿಕೆ. 9999 ದಾಟಿದರೆ ಮತ್ತೆ 0001. ಹೀಗಾಗಿ ಒಂದೇ ಕ್ಯಾಮೆರಾದಲ್ಲಿ ಒಂದೇ ಹೆಸರಿನ ಎರಡು ಬೇರೆ ವಿಡಿಯೊಗಳು ಹುಟ್ಟಬಹುದು; ಎರಡನ್ನೂ ಒಂದೇ ಫೋಲ್ಡರಿಗೆ ನಕಲಿಸುವಾಗ ‘ಹಳೆಯದರ ಬದಲು ಹೊಸದನ್ನು ಇಡಲೇ?’ ಎಂದು ಕಂಪ್ಯೂಟರ್ ಕೇಳಿದರೆ, ಹೌದು ಎನ್ನುವ ಮುನ್ನ ಎರಡನ್ನೂ ತೆರೆದು ನೋಡಿ. ಎಷ್ಟೋ ವಿಡಿಯೊಗಳು ಅಳಿಸಿಹೋಗುವುದು ಇದೊಂದು ಗುಂಡಿಯಿಂದ.

00003.ಎಂಟಿಎಸ್ ಎಂಬುದು 2006ರಲ್ಲಿ ಸೋನಿ ಮತ್ತು ಪ್ಯಾನಸೋನಿಕ್ ತಂದ ಎವಿಸಿಎಚ್‌ಡಿ ಪದ್ಧತಿಯ ಕ್ಯಾಮ್‌ಕಾರ್ಡರಿನ ಗುರುತು. ಗೋಪ್ರೊ ಕ್ಯಾಮೆರಾದ ಹೆಸರು ಇನ್ನೂ ವಿಚಿತ್ರ. ಜಿಎಚ್010123 ಎಂಬುದರಲ್ಲಿ ಮೊದಲ 01 ತುಂಡಿನ ಸಂಖ್ಯೆ, 0123 ವಿಡಿಯೊದ ಸಂಖ್ಯೆ. ಉದ್ದದ ಚಿತ್ರೀಕರಣವನ್ನು ಕ್ಯಾಮೆರಾ ತುಂಡರಿಸುತ್ತದೆ, ಎರಡನೆಯ ತುಂಡು ಜಿಎಚ್020123 ಆಗುತ್ತದೆ. ಹೆಸರಿನ ಪ್ರಕಾರ ಜೋಡಿಸಿದರೆ ಬೇರೆ ಬೇರೆ ವಿಡಿಯೊಗಳ ಮೊದಲ ತುಂಡುಗಳೆಲ್ಲ ಒಂದು ಕಡೆ, ಎರಡನೆಯ ತುಂಡುಗಳೆಲ್ಲ ಇನ್ನೊಂದು ಕಡೆ! ತೇರು ಎಳೆಯುವ ವಿಡಿಯೊ ಅರ್ಧಕ್ಕೇ ನಿಂತಿದೆ ಎನಿಸಿದರೆ ಉಳಿದರ್ಧ ಅಲ್ಲೇ ಕೆಳಗೆ ಇರಬಹುದು.

ಮದುವೆಯ ಸಿ.ಡಿ.ಗಳಲ್ಲಿ ಎಂಪಿಇಜಿಎವಿ ಎಂಬ ಫೋಲ್ಡರಿನೊಳಗೆ ಎವಿಎಸ್‌ಇಕ್ಯು01.ಡಿಎಟಿ ಎಂಬ ಫೈಲಿರುತ್ತದೆ. ಯಾವ ಊರಿನ, ಯಾರ ಮದುವೆಯೇ ಆಗಲಿ, ಹೆಸರು ಅದೇ. ಡಿವಿಡಿಯಲ್ಲಾದರೆ ವಿಟಿಎಸ್_01_1, ವಿಟಿಎಸ್_01_2 ಹೀಗೆ ಸುಮಾರು ಒಂದೊಂದು ಜಿಬಿಯ ತುಂಡುಗಳು. ಇವುಗಳಲ್ಲಿ ಫೈಲಿನ ಹೆಸರಿನಿಂದ ಏನೂ ತಿಳಿಯದು, ಸಿ.ಡಿ.ಯ ಕವರಿನ ಮೇಲೆ ಸ್ಟುಡಿಯೊದವರು ಸ್ಕೆಚ್ ಪೆನ್ನಿನಲ್ಲಿ ಬರೆದದ್ದೇ ಏಕೈಕ ದಾಖಲೆ. ಆ ಕವರನ್ನು ಎಸೆಯುವ ಮೊದಲು ಅದರ ಒಂದು ಫೋಟೊ ತೆಗೆದಿಡಿ.

ಇನ್ನು ಆ ಹದಿಮೂರು ಅಂಕಿಯ ಹೆಸರು. 16 ಅಥವಾ 17ರಿಂದ ಶುರುವಾಗುವ ಹದಿಮೂರು ಅಂಕಿ ಕಂಡರೆ ಅದು ಬಹುತೇಕ ಯುನಿಕ್ಸ್ ಗಡಿಯಾರ: 1970ರ ಜನವರಿ 1ರಿಂದ ಕಳೆದ ಮಿಲಿಸೆಕೆಂಡುಗಳು. ಕೈಲೆಕ್ಕದಲ್ಲೇ ಬಿಡಿಸಬಹುದು. 1602720000000ರ ಕೊನೆಯ ಮೂರು ಸೊನ್ನೆ ತೆಗೆದರೆ ಸೆಕೆಂಡುಗಳು ಸಿಗುತ್ತವೆ. 160 ಕೋಟಿ ಸೆಕೆಂಡು ತುಂಬಿದ್ದು 2020ರ ಸೆಪ್ಟೆಂಬರ್ 13ರಂದು, ಅಂತಾರಾಷ್ಟ್ರೀಯ ಸಮಯದಲ್ಲಿ 12 ಗಂಟೆ 26 ನಿಮಿಷ 40 ಸೆಕೆಂಡಿಗೆ. ಉಳಿದದ್ದು 27,20,000 ಸೆಕೆಂಡು. ದಿನಕ್ಕೆ 86,400ರಂತೆ ಭಾಗಿಸಿದರೆ 31 ದಿನ ಮತ್ತು ಹನ್ನೊಂದೂವರೆ ಗಂಟೆಗೆ ಸ್ವಲ್ಪ ಹೆಚ್ಚು. ಕೂಡಿದರೆ 2020ರ ಅಕ್ಟೋಬರ್ 15ರ ಸೊನ್ನೆ ಗಂಟೆ. ನಮ್ಮ ಗಡಿಯಾರದಲ್ಲಿ ಬೆಳಗಿನ ಐದೂವರೆ. ಅಂದರೆ ಭೀಮೆ ಉಕ್ಕಿದ ಆ ದಿನಗಳು. ಯಾವುದೋ ಆ್ಯಪ್ ಆ ಕ್ಷಣದಲ್ಲಿ ಈ ಫೈಲನ್ನು ಉಳಿಸಿತು ಎಂಬುದಷ್ಟೇ ಇದರಿಂದ ಖಚಿತ.

ಯೂಟ್ಯೂಬಿನಿಂದ ಇಳಿಸಿದ ಫೈಲುಗಳ ಕೊನೆಯಲ್ಲಿ ಹನ್ನೊಂದು ಅಕ್ಷರಗಳ ಗೋಜಲು ಕಾಣಿಸಿದರೆ ಅಳಿಸಬೇಡಿ. ಅದು ಆ ವಿಡಿಯೊದ ಯೂಟ್ಯೂಬ್ ಗುರುತು. ಅದನ್ನು ಹಿಡಿದು ಮೂಲ ಪುಟಕ್ಕೆ ಹೋದರೆ ಹಾಕಿದವರು ಯಾರು, ಯಾವಾಗ ಎಂಬುದು ಸಿಗಬಹುದು. ಇನ್ನು 1080ಪಿ, ಎಕ್ಸ್264, ವೆಬ್-ಡಿಎಲ್ ಎಂಬ ಬಾಲಗಳು ಚಿತ್ರದ ಗಾತ್ರ, ಸಂಕೋಚನದ ತಂತ್ರ ಮತ್ತು ಎಲ್ಲಿಂದ ಎತ್ತಿದ್ದು ಎಂಬುದನ್ನು ಹೇಳುತ್ತವೆ. ಹೊಸ ಸಿನಿಮಾದ ಹೆಸರಿನ ಹಿಂದೆ ಇವು ಸಾಲಾಗಿ ನಿಂತಿದ್ದರೆ ಅದು ಕದ್ದ ಪ್ರತಿಯೇ ಎನ್ನಲು ಹೆಚ್ಚು ಯೋಚಿಸಬೇಕಿಲ್ಲ. ನಿಜಕ್ಕೂ ಹೆದರಬೇಕಾದ ಬಾಲವೊಂದಿದೆ: ಮದುವೆಯ ಆಮಂತ್ರಣ ಅಥವಾ ವಿಡಿಯೊ ಎಂದು ಬಂದ ಫೈಲಿನ ಹೆಸರು ‘ಎಪಿಕೆ’ ಎಂದು ಮುಗಿದರೆ ಅದು ವಿಡಿಯೊ ಅಲ್ಲ, ಫೋನಿನಲ್ಲಿ ಸ್ಥಾಪನೆಯಾಗುವ ಆ್ಯಪ್. ಬ್ಯಾಂಕಿನ ಹಣ ದೋಚಲು ಇದೇ ದಾರಿ ಬಳಸುತ್ತಾರೆ.

ಒಳಗಿನ ಹಣೆಪಟ್ಟಿ

ಹೆಸರು ಮನೆಯ ಬಾಗಿಲಿನ ಫಲಕವಿದ್ದಂತೆ, ಯಾರು ಬೇಕಾದರೂ ಬದಲಿಸಬಹುದು. ಫೈಲಿನ ಒಳಗೆ ಇನ್ನೊಂದು ಹಣೆಪಟ್ಟಿ ಇರುತ್ತದೆ. ಇದನ್ನೇ ಮೆಟಾಡೇಟಾ ಎನ್ನುತ್ತಾರೆ, ಅಂದರೆ ಮಾಹಿತಿಯ ಕುರಿತ ಮಾಹಿತಿ. ಪದ ಹೊಸದು, ಸಂಗತಿ ಹೊಸದಲ್ಲ. ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಬಳಿ ಭೀಮಾ ದಂಡೆಯ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಅಗೆದಾಗ ಬೌದ್ಧ ಸ್ತೂಪವೊಂದು ಹೊರಬಂತು. ಅಲ್ಲಿನ ಒಂದು ಶಿಲ್ಪಫಲಕದಲ್ಲಿ ರಾಜ, ರಾಣಿ, ಸೇವಕಿಯರು. ಅಂಥ ರಾಜರ ಶಿಲ್ಪಗಳು ಬೇಕಾದಷ್ಟಿವೆ. ಆದರೆ ಈ ಫಲಕದ ಮೇಲೆ ಬ್ರಾಹ್ಮೀ ಲಿಪಿಯಲ್ಲಿ ‘ರಾಯೋ ಅಸೋಕೋ’ ಎಂದು ಕೆತ್ತಿದೆ. ಆ ಎರಡು ಪದಗಳಿಂದಲೇ ಇದು ಅಶೋಕನ ಚಿತ್ರ ಎಂದು ಜಗತ್ತಿಗೆ ತಿಳಿದದ್ದು. ಹಣೆಪಟ್ಟಿ ಕಲ್ಲಿನಲ್ಲೇ ಸೇರಿಕೊಂಡಿದ್ದರಿಂದ ಚಿತ್ರದ ಜೊತೆಗೇ ಉಳಿಯಿತು.

ವಿಡಿಯೊದೊಳಗಿನ ಹಣೆಪಟ್ಟಿ ಅಷ್ಟು ಗಟ್ಟಿಯಲ್ಲ. ಮೀಡಿಯಾಇನ್ಫೊ ಎಂಬ ಉಚಿತ ತಂತ್ರಾಂಶದಲ್ಲಿ ಯಾವುದಾದರೂ ಎಂಪಿ4 ಫೈಲನ್ನು ತೆರೆದರೆ ಹಲವು ಸಾಲುಗಳು ಕಾಣುತ್ತವೆ. ಚಿತ್ರದ ಗಾತ್ರವೇ ಮೊದಲ ಸುಳಿವು. 352×288 ಎಂದಿದ್ದರೆ ಬಹುಶಃ ಸಿ.ಡಿ.ಯಿಂದ ಬಂದದ್ದು, 720×576 ಆದರೆ ಡಿವಿಡಿ ಅಥವಾ ಟೇಪಿನ ಕ್ಯಾಮೆರಾ, 176×144ರ 3ಜಿಪಿ ಆದರೆ ಕೀಪ್ಯಾಡ್ ಫೋನುಗಳ ಕಾಲದ್ದು. ಸೆಕೆಂಡಿಗೆ 25 ಚೌಕಟ್ಟು ಎಂದಿದ್ದರೆ ನಮ್ಮ ಹಳೆಯ ಟಿ.ವಿ. ಪದ್ಧತಿಗೆ ಹೊಂದುವ ಕ್ಯಾಮೆರಾ, 30ರ ಆಸುಪಾಸು ಇದ್ದರೆ ಮೊಬೈಲ್ ಇರುವ ಸಾಧ್ಯತೆ ಹೆಚ್ಚು.

ಮುಖ್ಯವಾದದ್ದು ‘ರಚನೆಯ ಸಮಯ’ ಎಂಬ ಸಾಲು. ಎಂಪಿ4 ಫೈಲುಗಳು ಇದನ್ನು 1904ರ ಜನವರಿ 1ರಿಂದ ಕಳೆದ ಸೆಕೆಂಡುಗಳಾಗಿ ಬರೆದಿಟ್ಟುಕೊಳ್ಳುತ್ತವೆ. ಯಾವುದಾದರೂ ತಂತ್ರಾಂಶ ಈ ಜಾಗವನ್ನು ಸೊನ್ನೆ ಮಾಡಿದ್ದರೆ ವಿಡಿಯೊ 1904ರಲ್ಲಿ ಹುಟ್ಟಿದೆ ಎಂದು ತೋರಿಸುತ್ತದೆ! ನಿಮ್ಮ ಫೈಲಿನಲ್ಲಿ 1904 ಅಥವಾ 1970 ಕಂಡರೆ, ಕ್ಯಾಮೆರಾ ಹಾಳಾಗಿದೆ ಎಂದಲ್ಲ, ಅಲ್ಲಿ ಏನೂ ಬರೆದಿಲ್ಲ ಎಂದರ್ಥ.

ಇನ್ನೊಂದು ಗೊಂದಲ ಐದೂವರೆ ಗಂಟೆಯದು. ಈ ಸಮಯವನ್ನು ಅಂತಾರಾಷ್ಟ್ರೀಯ ಗಡಿಯಾರದಲ್ಲಿ ಬರೆಯಬೇಕೆಂಬುದು ನಿಯಮ. ಹೆಸರಿನಲ್ಲಿ ಸಂಜೆ ಆರೂವರೆ ಎಂದಿದ್ದು ಒಳಗೆ ಮಧ್ಯಾಹ್ನ ಒಂದು ಗಂಟೆ ಎಂದಿದ್ದರೆ ಎರಡೂ ಸರಿ. ಆದರೆ ನಸುಕಿನ ನಾಲ್ಕು ಗಂಟೆಗೆ ನಡೆದ ಅಕ್ಷತೆ ಒಳಗಿನ ಲೆಕ್ಕದಲ್ಲಿ ಹಿಂದಿನ ದಿನದ ರಾತ್ರಿ ಹತ್ತೂವರೆಯಾಗಿ, ಮದುವೆಯ ತಾರೀಖೇ ಒಂದು ದಿನ ಹಿಂದೆ ಸರಿಯುತ್ತದೆ. ಕೆಲವು ಕ್ಯಾಮೆರಾಗಳು ನಿಯಮ ಪಾಲಿಸದೆ ಸ್ಥಳೀಯ ಸಮಯವನ್ನೇ ಬರೆಯುತ್ತವೆ. ಗೂಗಲ್ ಪಿಕ್ಸೆಲ್ ಫೋನುಗಳಲ್ಲಿ, ‘ಪಿಎಕ್ಸ್‌ಎಲ್’ ಎಂದು ಶುರುವಾಗುವ ಹೆಸರಿನಲ್ಲೂ ಇರುವುದು ಅಂತಾರಾಷ್ಟ್ರೀಯ ಸಮಯವೇ. ಒಂದೇ ದಿನ ಒಂದೇ ಸಮಾರಂಭದಲ್ಲಿ ಇಬ್ಬರು ತೆಗೆದ ವಿಡಿಯೊಗಳನ್ನು ಹೋಲಿಸಿದರೆ ಯಾವುದು ಯಾವ ಗಡಿಯಾರ ಎಂದು ತಿಳಿಯುತ್ತದೆ.

ಫೋನಿನಲ್ಲಿ ಸ್ಥಳದ ಅನುಮತಿ ಕೊಟ್ಟಿದ್ದರೆ ಅಕ್ಷಾಂಶ, ರೇಖಾಂಶಗಳೂ ಇರುತ್ತವೆ. 17.13, 76.93ರ ಹತ್ತಿರದ ಅಂಕಿಗಳಿದ್ದರೆ ಶಹಾಬಾದ್ ಕಡೆಯದು. ಇದು ಹುಡುಕುವವರಿಗೆ ವರ, ಮೂಲ ಫೈಲನ್ನು ಅಪರಿಚಿತರಿಗೆ ಕೊಡುವವರಿಗೆ ಅಪಾಯ. ನಿಮ್ಮ ಮನೆ ಎಲ್ಲಿದೆಯೆಂದು ಅದು ಹೇಳಿಬಿಡುತ್ತದೆ. ‘ಎಲ್‌ಎವಿಎಫ್’ ಎಂಬ ಪದ ಕಂಡರೆ ಆ ಫೈಲನ್ನು ಎಫ್‌ಎಫ್‌ಎಂಪೆಗ್ ಎಂಬ ಉಚಿತ ತಂತ್ರಾಂಶದ ಮೂಲಕ ಹಾಯಿಸಲಾಗಿದೆ, ಅಂದರೆ ಇದು ಕ್ಯಾಮೆರಾದ ಮೂಲ ಪ್ರತಿಯಲ್ಲ ಎಂದು ತಿಳಿಯಬಹುದು. ವಾಟ್ಸ್ಯಾಪಿನಲ್ಲಿ ವಿಡಿಯೊ ಆಗಿ ಕಳಿಸಿದಾಗ ಅದು ಹಿಂಡಿ ಚಿಕ್ಕದಾಗುತ್ತದೆ, ಒಳಗಿನ ಮೂಲ ಪಟ್ಟಿಯೂ ಹೋಗುತ್ತದೆ. ‘ಡಾಕ್ಯುಮೆಂಟ್’ ಎಂದು ಆರಿಸಿ ಕಳಿಸಿದರೆ ಎರಡೂ ಉಳಿಯುತ್ತವೆ. ಹಾಗಾಗಿ ಮೆಟಾಡೇಟಾ ಇಲ್ಲದ ವಿಡಿಯೊ ಎಂದರೆ ಸುಳ್ಳು ವಿಡಿಯೊ ಎಂದು ತೀರ್ಮಾನಿಸುವುದೂ ತಪ್ಪು. ಹತ್ತು ಕೈ ದಾಟಿ ಬಂದದ್ದಷ್ಟೇ.

ವಿಂಡೋಸ್‌ನಲ್ಲಿ ಕಾಣುವ ‘ಕ್ರಿಯೇಟೆಡ್’ ದಿನಾಂಕವನ್ನು ನೋಡಿ ಮೋಸಹೋಗುವವರು ಹೆಚ್ಚು. ಅದು ಫೈಲು ಆ ಡಿಸ್ಕಿಗೆ ಬಂದ ದಿನ. ನಕಲಿಸಿದಾಗ ‘ಮಾಡಿಫೈಡ್’ ದಿನಾಂಕ ಸಾಮಾನ್ಯವಾಗಿ ಹಾಗೇ ಉಳಿಯುತ್ತದೆ. ಆದ್ದರಿಂದ ಹುಟ್ಟಿದ್ದು 2023ರಲ್ಲಿ, ಬದಲಾದದ್ದು 2011ರಲ್ಲಿ ಎಂಬ ಅಸಂಬದ್ಧ ಕಾಣುತ್ತದೆ. ಅಲ್ಲಿ 2011 ನಿಜಕ್ಕೆ ಹತ್ತಿರ.

ಕನ್ನಡದ ಹೆಸರು ಕೆಟ್ಟು ನಿಂತಾಗ

ಯಂತ್ರ ಇಟ್ಟ ಹೆಸರಿಗಿಂತ ಮನುಷ್ಯರು ಕನ್ನಡದಲ್ಲಿ ಇಟ್ಟ ಹೆಸರೇ ಓದಲಾಗದೆ ನಿಲ್ಲುವುದು ನಮ್ಮಲ್ಲಿ ವಿಶೇಷ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಕನ್ನಡ ಅಕ್ಷರದ ಚೂರುಗಳು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕೂತಿರುತ್ತಿದ್ದವು. ಫಾಂಟ್ ಇಲ್ಲದಿದ್ದರೆ ಅಕ್ಷರಗಳು ಕಸದಂತೆ ಕಾಣುತ್ತವೆ. ಗುರುತಿಸುವುದು ಸುಲಭ: ತಲೆಯ ಮೇಲೆ ಓರೆಗೆರೆಯಿರುವ ದೊಡ್ಡ ‘ಎ’ ಅಕ್ಷರ ಅಡಿಗಡಿಗೆ ಬರುತ್ತಿದ್ದರೆ ಅದು ಹಳೆಯ ನುಡಿಯ ಕನ್ನಡ, ಆ ‘ಎ’ ನಮ್ಮ ತಲೆಕಟ್ಟು. ಬದಲಿಗೆ ಅದೇ ಗೆರೆಯ ಚಿಕ್ಕ ‘ಎ’, ಅದರ ಪಕ್ಕ ಮೇಲೆ ಪುಟ್ಟ 2 ಅಥವಾ 3, ಮತ್ತೊಂದು ಚಿಹ್ನೆ, ಹೀಗೆ ಮೂರು ಮೂರರ ಗುಂಪು ಬರುತ್ತಿದ್ದರೆ ಅದು ಯುನಿಕೋಡ್ ಕನ್ನಡವೇ, ಕಂಪ್ಯೂಟರ್ ತಪ್ಪಾಗಿ ಓದುತ್ತಿದೆ ಅಷ್ಟೆ. ಎರಡನ್ನೂ ಉಚಿತ ಪರಿವರ್ತಕಗಳಲ್ಲಿ ಹಾಕಿ ಹಿಂದಕ್ಕೆ ಪಡೆಯಬಹುದು. ಅಳಿಸಿ ‘ವಿಡಿಯೊ1’ ಎಂದು ಹೊಸ ಹೆಸರು ಇಟ್ಟರೆ ಆ ಸಾಕ್ಷಿ ಹೋಯಿತು.

ಯುನಿಕೋಡಿನಲ್ಲೂ ಒಂದು ಮಿತಿಯಿದೆ. ಆಂಡ್ರಾಯ್ಡ್, ಲಿನಕ್ಸ್‌ಗಳಲ್ಲಿ ಹೆಸರಿಗೆ ಸಾಮಾನ್ಯವಾಗಿ 255 ಬೈಟು ಜಾಗ, ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟು ಬೇಕು. ಹೀಗಾಗಿ 85 ಸಂಕೇತ ಮೀರಿದರೆ ಹೆಸರು ತುಂಡಾಗುತ್ತದೆ ಅಥವಾ ನಕಲೇ ಆಗುವುದಿಲ್ಲ. ಒತ್ತು, ಕಾಗುಣಿತಗಳೂ ಲೆಕ್ಕಕ್ಕೆ ಬರುವುದರಿಂದ 85 ಎಂಬುದು ಅನಿಸಿದಷ್ಟು ದೊಡ್ಡದಲ್ಲ.

ಊರುಗಳ ಹೆಸರೂ ನಿಂತಲ್ಲಿ ನಿಲ್ಲುವುದಿಲ್ಲ. ಗುಲ್ಬರ್ಗ ಅಧಿಕೃತವಾಗಿ ಕಲಬುರಗಿ ಆದದ್ದು 2014ರ ನವೆಂಬರ್ 1ರಂದು. ಹೈದರಾಬಾದ್ ಕರ್ನಾಟಕ 2019ರಲ್ಲಿ ಕಲ್ಯಾಣ ಕರ್ನಾಟಕವಾಯಿತು. ಭಂಕೂರಿನ ದಾಖಲೆಗಳು ಮೊದಲು ಚಿತ್ತಾಪುರ ತಾಲ್ಲೂಕಿನ ಹೆಸರಿನಲ್ಲಿದ್ದವು, ಶಹಾಬಾದ್ ತಾಲ್ಲೂಕಾದ ಮೇಲೆ ಅದರ ಹೆಸರಿಗೆ ಬಂದವು. ಇಂಗ್ಲಿಷಿನಲ್ಲಿ ಚಿತ್ತಾಪುರಕ್ಕೆ ಒಂದು ‘ಟಿ’ ಬರೆಯುವವರೂ ಇದ್ದಾರೆ, ಎರಡು ಬರೆಯುವವರೂ ಇದ್ದಾರೆ. ಇಂಟರ್ನೆಟ್ ಆರ್ಕೈವಿನಂಥ ಸಂಗ್ರಹದಲ್ಲಿ ಹಳೆಯ ವಿಡಿಯೊ ಹುಡುಕುವಾಗ ಕಲಬುರಗಿ ಎಂದು ಮಾತ್ರ ಹುಡುಕಿ ಏನೂ ಇಲ್ಲ ಎಂದುಕೊಂಡರೆ, 2014ಕ್ಕೆ ಮೊದಲಿನದ್ದೆಲ್ಲ ಕಣ್ಣು ತಪ್ಪಿಸುತ್ತದೆ.

ನ್ಯಾಯಾಲಯ ಏನು ಕೇಳುತ್ತದೆ?

ವಿಡಿಯೊ ಎಲ್ಲಿಂದ ಬಂತು ಎಂಬ ಪ್ರಶ್ನೆ ಶಾಸಕ ಸ್ಥಾನವನ್ನೇ ಅಲುಗಿಸಿದ್ದುಂಟು. ನಮ್ಮಂತೆಯೇ ಹಳೆಯ ಹೈದರಾಬಾದ್ ಸಂಸ್ಥಾನದಲ್ಲಿದ್ದ ಜಾಲ್ನಾದಲ್ಲಿ, 2014ರ ವಿಧಾನಸಭಾ ಚುನಾವಣೆಗೆ ನಾಮಪತ್ರವನ್ನು ಮಧ್ಯಾಹ್ನ ಮೂರು ಗಂಟೆಯ ಗಡುವಿನ ನಂತರ ಕೊಟ್ಟರೇ ಎಂಬ ವಿವಾದವೆದ್ದಿತು. ಉತ್ತರ ಇದ್ದದ್ದು ಚುನಾವಣಾಧಿಕಾರಿಯ ಕಚೇರಿಯ ವಿಡಿಯೊದಲ್ಲಿ. ನ್ಯಾಯಾಲಯಕ್ಕೆ ಬಂದದ್ದು ಅದರ ಪ್ರತಿಗಳು, ಜೊತೆಗೆ ಕಾನೂನು ಕೇಳುವ ಪ್ರಮಾಣಪತ್ರ ಇರಲಿಲ್ಲ. ಅರ್ಜುನ್ ಪಂಡಿತರಾವ್ ಖೋತ್ಕರ್ ವಿರುದ್ಧ ಕೈಲಾಸ್ ಗೋರಂಟ್ಯಾಲ್ ಪ್ರಕರಣ ಎಂದೇ ಹೆಸರಾದ ಇದರಲ್ಲಿ 2020ರ ಜುಲೈ 14ರಂದು ಸುಪ್ರೀಂ ಕೋರ್ಟ್, ಮೂಲ ಸಾಧನವನ್ನೇ ಹಾಜರುಪಡಿಸದಿದ್ದರೆ ಪ್ರತಿಯ ಜೊತೆ ಪ್ರಮಾಣಪತ್ರ ಕಡ್ಡಾಯ ಎಂದಿತು. ಆದರೆ ಅದನ್ನು ಪಡೆಯಲು ತನ್ನ ಕೈಲಾದದ್ದನ್ನೆಲ್ಲ ಮಾಡಿದವರನ್ನು ಅಧಿಕಾರಿಗಳ ಅಸಹಕಾರಕ್ಕಾಗಿ ಶಿಕ್ಷಿಸಲಾಗದು ಎಂದೂ ಹೇಳಿತು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಫೈಲಿನ ‘ಹ್ಯಾಶ್’ ಮೌಲ್ಯವನ್ನೂ ಬರೆಯಬೇಕು. ಹ್ಯಾಶ್ ಎಂದರೆ ಫೈಲಿನೊಳಗಿನ ಎಲ್ಲ ಬಿಟ್ಟುಗಳಿಂದ ಲೆಕ್ಕ ಹಾಕಿದ ಬೆರಳಚ್ಚು. ಫೈಲಿನ ಹೆಸರು ಬದಲಿಸಿದರೆ ಅದು ಬದಲಾಗುವುದಿಲ್ಲ. ಒಂದೇ ಒಂದು ಬಿಟ್ಟು ಬದಲಾದರೂ ಹ್ಯಾಶ್ ಪೂರ್ತಿ ಬೇರೆಯಾಗುತ್ತದೆ. ಸಂಗ್ರಹಗಳಲ್ಲಿ ಸೊನ್ನೆಯಿಂದ ಒಂಬತ್ತು ಮತ್ತು ‘ಎ’ಯಿಂದ ‘ಎಫ್’ ಮಾತ್ರ ಇರುವ 64 ಅಕ್ಷರಗಳ ಹೆಸರು ಕಂಡರೆ ಅದು ಬಹುಶಃ ಇದೇ ಬೆರಳಚ್ಚು.

ಈಗ ಮುತ್ಯಾನ ವಿಡಿಯೊಗೆ ಮರಳೋಣ. ಮೊದಲು ಎಲ್ಲ ಕಾರ್ಡುಗಳನ್ನೂ ಇದ್ದ ಹೆಸರಿನಲ್ಲೇ, ಬೇರೆ ಬೇರೆ ಫೋಲ್ಡರಿಗೆ ನಕಲಿಸಬೇಕು. ಹುಡುಕುವಾಗ ವಾಟ್ಸ್ಯಾಪ್ ಹೆಸರಿನ ಪ್ರತಿ ಸಿಕ್ಕರೆ ಅಲ್ಲಿಗೇ ನಿಲ್ಲಿಸದೆ, ಅದೇ ಹಾಡಿನ ದೊಡ್ಡ ಗಾತ್ರದ, ಒಳಗಿನ ಪಟ್ಟಿ ಉಳಿದಿರುವ ಪ್ರತಿ ಇನ್ನೊಂದು ಕಾರ್ಡಿನಲ್ಲಿದೆಯೇ ನೋಡಬೇಕು. ಸಿಕ್ಕ ಮೇಲೆ ಹೆಸರು ಬದಲಿಸುವ ಬದಲು, ಪಕ್ಕದಲ್ಲೇ ಒಂದು ಸಾದಾ ಪಠ್ಯ ಫೈಲು ಇಟ್ಟು ಅದರಲ್ಲಿ ಮೂಲ ಹೆಸರು, ಎಲ್ಲಿ ಸಿಕ್ಕಿತು, ದಿನಾಂಕ ಯಾವ ಆಧಾರದ ಮೇಲೆ ಎಂಬುದನ್ನು ಬರೆದಿಡುವುದು ಒಳ್ಳೆಯದು. ದಿನಾಂಕ ಬರೆಯುವಾಗ ವರ್ಷ ಮೊದಲು, ಆಮೇಲೆ ತಿಂಗಳು, ದಿನ. ಊರಿನ ಹಳೆಯ ಹೆಸರು, ಹೊಸ ಹೆಸರು ಎರಡೂ ಇರಲಿ.

ಹಾಡಿದ್ದು ಯಾರ ತತ್ವಪದ, ಏಕತಾರಿ ಹಿಡಿದವರು ಯಾರು, ದಮ್ಮಡಿ ಬಾರಿಸುತ್ತಿರುವವರು ಯಾವ ಓಣಿಯವರು ಎಂಬುದು ಮಾತ್ರ ಯಾವ ಪಟ್ಟಿಯಲ್ಲೂ ಇಲ್ಲ. ಆ ಭಜನೆಯಲ್ಲಿ ಕೂತಿದ್ದವರಲ್ಲಿ ಯಾರಾದರೂ ಇದ್ದರೆ ವಿಡಿಯೊ ತೋರಿಸಿ, ಅವರು ಹೇಳಿದ್ದನ್ನು ಅದೇ ಪಠ್ಯ ಫೈಲಿಗೆ ಸೇರಿಸಿ. ಇನ್ನು ಮುಂದೆ ಇಂಥ ವಿಡಿಯೊ ತೆಗೆಯುವಾಗ ಮೊದಲ ಹತ್ತು ಸೆಕೆಂಡಿನಲ್ಲಿ ತಾರೀಖು, ಊರು, ಹಾಡುವವರ ಹೆಸರನ್ನು ಬಾಯಿಯಲ್ಲೇ ಹೇಳಿಬಿಡಿ. ವಾಟ್ಸ್ಯಾಪ್ ಆ ಮಾತನ್ನು ಅಳಿಸುವುದಿಲ್ಲ.